ನೈವೇದ್ಯದ ಹಾಲಿನ ಪಕ್ಕದ ಸೀಸೆ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೇಲಿನ ಹಲಗೆ ದೇವರದು. ನೈವೇದ್ಯಕ್ಕೆ ಎತ್ತಿಟ್ಟ ಹಾಲು, ಮಡಿಯಲ್ಲಿ ಹೆಪ್ಪು ಹಾಕಿದ ಮೊಸರು, ಕಡೆದ ಬೆಣ್ಣೆ ಅಲ್ಲಿರುತ್ತಿದ್ದವು. ನಡುವಿನ ಹಲಗೆ ನಮ್ಮ ಊಟದ್ದು, ಕೆಳಗಿನದು ಕಾಯಿಪಲ್ಯದ್ದು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಧಾರವಾಡದಿಂದ ವಡೋದರಾಕ್ಕೆ ಬಂದು ಮಕರಪುರದ ಕಡೆ ಮನೆ ಹಿಡಿದಾಗ ನಾನು ಮೊದಲು ಮಾಡಿದ ವ್ಯವಸ್ಥೆಯೇ ಇದು. ಊರು ಬದಲಾಗಿತ್ತು, ನೀರು ಬದಲಾಗಿತ್ತು. ಆದರೆ ಬಾಗಿಲು ತೆಗೆದಾಗ ಮೇಲೆ ದೇವರ ಹಾಲು ಕಂಡರೆ ನಮ್ಮ ಮನೆಯಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಆ ಹಲಗೆಯ ಮೇಲೆ ಹತ್ತು ದಿನ ಒಂದು ಔಷಧದ ಸೀಸೆ ಇತ್ತು. ಹನ್ನೊಂದನೆಯ ದಿನ ನಾನು ಅದನ್ನು ಅಲ್ಲಿಂದ ತೆಗೆದೆ. ಆ ವಿಷಯವನ್ನೇ ಬರೆಯುತ್ತಿದ್ದೇನೆ. ಈಗ ಯಾರೂ ನನ್ನನ್ನು ಕೇಳುತ್ತಿಲ್ಲ. ಆದರೂ ಹೇಳಿಬಿಡಬೇಕು.

ಇಸವಿ ಎರಡು ಸಾವಿರ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನಮಗೆ ಒಬ್ಬಳೇ ಮಗಳು. ಸೂರತ್ತಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಹುಡುಗನಿಗೇ ಕೊಟ್ಟಿದ್ದೆವು. ರೈಲು ಹತ್ತಿದರೆ ಎರಡು ತಾಸಿನ ದಾರಿ. ಮಗಳನ್ನು ದೂರ ಕೊಟ್ಟವರನ್ನು ನೋಡಿದಾಗೆಲ್ಲ, ನನಗೆ ದೇವರು ಇಷ್ಟಾದರೂ ದಯೆ ತೋರಿಸಿದ್ದಾನೆ ಎಂದುಕೊಳ್ಳುತ್ತಿದ್ದೆ. ಅವಳು ಬಸುರಾಗಿ ಐದು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಫೋನು ಬಂತು.

"ಅವ್ವಾ, ರಕ್ತ ತಪಾಸಣಿ ಮಾಡಿಸಿದ್ವಿ. ಹೆಪಟೈಟಿಸ್ ಬಿ ಅದಂತ."

"ಹಂಗಂದ್ರೇನವ್ವಾ?"

"ಕಾಮಣಿ. ಆದ್ರ ನನಗ ಕಣ್ಣು ಹಳದಿ ಇಲ್ಲ, ಜ್ವರ ಇಲ್ಲ, ಏನೂ ಇಲ್ಲ. ರಕ್ತದಾಗ ಸುಮ್ನ ಕೂತದಂತ. ಎಷ್ಟ್ ವರ್ಷದಿಂದ ಕೂತದೋ ಗೊತ್ತಿಲ್ಲಂತ."

ನಮ್ಮ ಕಡೆ ಕಾಮಾಲೆಗೆ ಕಾಮಣಿ ಅನ್ನುತ್ತೇವೆ. ಕಾಮಣಿ ಎಂದರೆ ನನಗೆ ಗೊತ್ತಿದ್ದದ್ದು ಹಳದಿ ಕಣ್ಣು, ಬಾಯಿರುಚಿ ಕೆಡುವುದು, ನೆಲನೆಲ್ಲಿಯ ರಸ, ಎಣ್ಣೆ ಬಿಡುವುದು, ಮೂರು ವಾರಕ್ಕೆ ಎದ್ದು ಓಡಾಡುವುದು. ಕಾಣದೆ ಕೂರುವ ಕಾಮಣಿ ನನಗೆ ಗೊತ್ತಿರಲಿಲ್ಲ. ಕೆಳಮನೆಯ ಗುಜರಾತಿ ಬೆನ್‌ಗೆ ಹೇಳಿದೆ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಅರೆರೆ, ಝೇರಿ ಕಮಳೋ!" ಅಂದರು. ಕಮಳೋ ಅಂದದ್ದು ನನ್ನ ಕಿವಿಗೆ ಕಮಲ ಎಂದು ಬಿತ್ತು. ಲಕ್ಷ್ಮಿ ಕೂರುವ ಹೂವು, ಇದರಲ್ಲಿ ಕೆಟ್ಟದ್ದೇನು ಎಂದು ಒಂದು ಗಳಿಗೆ ಸಮಾಧಾನವೂ ಆಯಿತು. ಝೇರಿ ಅಂದರೆ ವಿಷದ್ದು ಎಂದು ಆಕೆ ಹಿಂದಿಯಲ್ಲಿ ಬಿಡಿಸಿ ಹೇಳಿದ ಮೇಲೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.

ಸೀಮಂತದ ಕುಬಸ ಮಾಡಿ ಏಳನೆಯ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಬಂದೆವು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಬಂದ ದಿನವೇ ಅವಳ ತಾಟು, ತಂಬಿಗೆ ಬೇರೆ ಎತ್ತಿಟ್ಟೆ.

"ಅವ್ವಾ, ಇದು ತಾಟಿನಿಂದ ಬರೂದಿಲ್ಲ. ಕೂಡಿ ಉಂಡ್ರೂ ಬರೂದಿಲ್ಲ. ಡಾಕ್ಟರು ಹೇಳ್ಯಾರ."

"ಇರ್ಲಿ ಬಿಡು. ಬಸುರಿ ತಾಟು ಬ್ಯಾರೆ ಇದ್ರ ತಪ್ಪೇನು?"

ಅವಳು ಆ ತಾಟಿನಲ್ಲೇ ಎರಡು ತಿಂಗಳು ಉಂಡಳು.

ಹೆರಿಗೆಗೆ ಗೊತ್ತುಮಾಡಿದ್ದು ಅಲ್ಕಾಪುರಿಯ ಒಂದು ಸಣ್ಣ ಆಸ್ಪತ್ರೆ, ಸ್ಟೇಷನ್ನಿಗೆ ಹತ್ತಿರ. ಅಲ್ಲಿನ ಮಕ್ಕಳ ಡಾಕ್ಟರು ಗುಜರಾತಿಯವರು. ನಮ್ಮನ್ನು ಕೂರಿಸಿಕೊಂಡು ಹಿಂದಿಯಲ್ಲಿ ನಿಧಾನವಾಗಿ ತಿಳಿಸಿದರು. ಮಗು ಒಳಗಿದ್ದಾಗ ಭಯ ಕಡಿಮೆ, ಹುಟ್ಟುವ ಹೊತ್ತಿಗೆ ತಾಯಿಯ ರಕ್ತ ಸೋಕುತ್ತದೆ. ದೊಡ್ಡವರಿಗೆ ಈ ರೋಗ ಅಂಟಿದರೆ ಹೆಚ್ಚಿನವರ ಮೈ ಅದನ್ನು ತಾನೇ ಹೊರಗೆ ಹಾಕುತ್ತದೆ, ಹುಟ್ಟುತ್ತಲೇ ಅಂಟಿದರೆ ಹೋಗುವುದಿಲ್ಲ. ಬೆಳೆದು ದೊಡ್ಡದಾದ ಮೇಲೆ ಲಿವರು ಕೆಡಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು.

"ಇದನ್ನು ತಡೆಯಲು ಬರುತ್ತದೆ," ಅಂದರು. "ಹುಟ್ಟಿದ ಕೂಡಲೇ ಎರಡು ಇಂಜೆಕ್ಷನ್. ಒಂದು ಲಸಿಕೆ, ಅದು ನಮ್ಮಲ್ಲಿದೆ. ಇನ್ನೊಂದನ್ನು ನೀವು ಹೇಳಿ ತರಿಸಿಕೊಳ್ಳಬೇಕು, ಇಲ್ಲಿ ಯಾರೂ ಇಟ್ಟಿರುವುದಿಲ್ಲ. ಈಚೆಗೆ ನಡೆದ ಸಂಶೋಧನೆಗಳನ್ನು ನಾವು ಓದುತ್ತಿರುತ್ತೇವೆ. ಎಲ್ಲವೂ ಹೇಳುವುದು ಒಂದೇ, ಎರಡೂ ಬೇಗ ಬೀಳಬೇಕು. ಹನ್ನೆರಡು ತಾಸಿನೊಳಗೆ."

ಎರಡು ಯಾಕೆ ಎಂದು ನಾನು ಕೇಳಿದೆ. ಲಸಿಕೆ ಮಗುವಿನ ಮೈಗೆ ಕಲಿಸುತ್ತದೆ, ಆದರೆ ಕಲಿಯಲು ಸಮಯ ಬೇಕು. ಇನ್ನೊಂದು ಸಿದ್ಧವಾಗಿಯೇ ಬಂದಿರುತ್ತದೆ ಎಂದರು. ನನಗೆ ತಿಳಿಯಿತು. ಒಂದು ಹಾಲಿಗೆ ಹಾಕಿದ ಹೆಪ್ಪು, ಇನ್ನೊಂದು ಗಟ್ಟಿ ಮೊಸರು. ಹೆಪ್ಪು ಮೊಸರಾಗುವ ತನಕ ಮೊಸರು ಬೇಕಲ್ಲ.

ಆ ಸೀಸೆಯನ್ನು ಅಳಿಯ ಸೂರತ್ತಿನಲ್ಲಿ ಹೇಳಿ ತರಿಸಿ, ಥರ್ಮಾಸಿನಲ್ಲಿ ಐಸು ತುಂಬಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಬೆರಳುದ್ದದ ರಟ್ಟಿನ ಡಬ್ಬಿ. ಫ್ರಿಜ್ಜಿನ ಬಾಗಿಲು ತೆಗೆದು ಮೇಲಿನ ಹಲಗೆಯಲ್ಲಿ, ನೈವೇದ್ಯದ ಹಾಲಿನ ಪಾತ್ರೆಯ ಪಕ್ಕದಲ್ಲಿ ತಾನೇ ಇಟ್ಟ.

"ಅತ್ತೀ, ಇದು ಇಲ್ಲೇ ಇರಬೇಕು. ಮ್ಯಾಲಿನ ಹಲಗಿ. ಥಂಡಿ ಇರಬೇಕಿದಕ್ಕ."

ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಮತ್ತೊಮ್ಮೆ ಹೇಳಿದ. ಔಷಧಕ್ಕೆ ಮೈಲಿಗೆಯಿಲ್ಲ ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು, ಆದ್ದರಿಂದ ಮನಸ್ಸಿಗೆ ಕಸಿವಿಸಿಯಾದರೂ ಬಿಟ್ಟೆ. ದಿನಾ ಹಾಲು ತೆಗೆಯುವಾಗ ಡಬ್ಬಿಗೆ ಕೈ ತಾಗದಂತೆ ತೆಗೆಯುತ್ತಿದ್ದೆ, ಅಷ್ಟೆ.

ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಸಜ್ಜೆಯ ರೊಟ್ಟಿ ತಟ್ಟುತ್ತ ಕೂತಿದ್ದೆ. ಮಗಳಿಗೆ ಬೆನ್ನುನೋವು, ಕೂತಲ್ಲಿ ಕೂರಲಾರಳು. ಹೊತ್ತು ಹೋಗಲೆಂದು ಆ ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದುತ್ತಿದ್ದಳು.

"ಅವ್ವಾ, ಇದು ಯಾತರಿಂದ ಮಾಡ್ತಾರ ಗೊತ್ತೇನು? ಮನಷ್ಯಾರ ರಕ್ತದಿಂದ. ರಕ್ತ ಕೊಟ್ಟವರ ರಕ್ತದಾಗಿಂದ ತಗೀತಾರಂತ."

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಯಾರ ರಕ್ತ?"

"ಯಾರದೋ. ಹೆಸರು ಬರೀತಾರೇನು ಇದರಾಗ?" ಎಂದು ನಕ್ಕು, ಚೀಟಿ ಮಡಿಸಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗಿ ಮಲಗಿದಳು.

ಮರುದಿನ ಹಬ್ಬ. ಮೇಲಿನ ಹಲಗೆ ತುಂಬ ದೇವರಿಗೆ ಬೇಕಾದದ್ದೇ ಇತ್ತು. ಯಾರದೋ ರಕ್ತ, ಯಾವ ಜಾತಿಯೋ, ಏನು ತಿಂದು ಬೆಳೆದ ಮೈಯೋ, ನನ್ನ ಕೃಷ್ಣನ ಹಾಲಿಗೆ ಒರಗಿಕೊಂಡು ಕೂತಿದೆ ಎಂದು ನನಗೆ ತಡೆಯದಾಯಿತು. ನಡುವಿನ ಹಲಗೆಗೆ ಇಳಿಸೋಣವೆಂದರೆ ಅಲ್ಲಿ ನಮ್ಮ ಅನ್ನ, ಸಾರು. ಕೆಳಗೆ ಕಾಯಿಪಲ್ಯ. ಕಡೆಗೆ ಕಂಡದ್ದು ಮೇಲಿದ್ದ ಐಸಿನ ಖಾನೆ. ಅದರೊಳಗೆ ಎರಡು ಐಸಿನ ಟ್ರೇ ಬಿಟ್ಟರೆ ಏನೂ ಇರಲಿಲ್ಲ, ಅದಕ್ಕೆ ತನ್ನದೇ ಪುಟ್ಟ ಬಾಗಿಲೂ ಇತ್ತು. ಒಂದೇ ಮನೆಯಲ್ಲಿ ಬೇರೆ ಕೋಣೆ ಕೊಟ್ಟ ಹಾಗೆ. ಥಂಡಿ ಇರಬೇಕು ಅಂದಿದ್ದ ಅಳಿಯ, ಅಲ್ಲಿ ಇನ್ನೂ ಥಂಡಿ. ದೇವರಿಗೂ ಔಷಧಕ್ಕೂ ಒಳ್ಳೆಯದೇ ಮಾಡಿದೆ ಎಂಬ ಸಮಾಧಾನದಿಂದ ಡಬ್ಬಿಯನ್ನು ಅಲ್ಲಿಟ್ಟು, ಕೈ ತೊಳೆದುಕೊಂಡು, ಹಲಗೆ ಒರೆಸಿದೆ.

ಆ ಸಂಜೆಯೇ ಮಗಳಿಗೆ ನೋವು ಶುರುವಾಯಿತು. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಆಸ್ಪತ್ರೆಗೆ ಹೊರಟೆವು. ಡಬ್ಬಿಯನ್ನು ಖಾನೆಯಿಂದ ತೆಗೆದು ಥರ್ಮಾಸಿಗೆ ಹಾಕಿದ್ದು ನಾನೇ. ಬೆರಳಿಗೆ ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಎಷ್ಟು ಚೆನ್ನಾಗಿ ಕಾಪಾಡಿದ್ದೇನೆ ಎಂದು ಹೆಮ್ಮೆಯೂ ಪಟ್ಟೆ.

ಎಂಟೂ ಇಪ್ಪತ್ತಕ್ಕೆ ಗಂಡು ಮಗು. ತಾಯಿ, ಮಗು ಇಬ್ಬರೂ ಕ್ಷೇಮ ಎಂದು ನರ್ಸಮ್ಮ ಹೊರಗೆ ಬಂದು ಹೇಳಿದಾಗ ಗೋಡೆಗೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಅಷ್ಟರಲ್ಲಿ ಸೂರತ್ತಿನ ರೈಲಿಳಿದು ಅಳಿಯನೂ ಬಂದ. ನರ್ಸಮ್ಮ ಸೀಸೆ ಕೊಡಿ ಎಂದು ಥರ್ಮಾಸು ಒಯ್ದರು. ಐದು ನಿಮಿಷಕ್ಕೆ ಡಾಕ್ಟರನ್ನೇ ಕರೆದುಕೊಂಡು ಬಂದರು. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು ಓರೆಮಾಡಿದರು. ನೀರು ಸ್ವಲ್ಪ ಸರಿಯಿತು. ನಡುವೆ ಒಂದು ಬಿಳಿಯ ಗಡ್ಡೆ ಹಾಗೆಯೇ ನಿಂತಿತ್ತು.

"ಇದು ಹೆಪ್ಪುಗಟ್ಟಿದೆ," ಅಂದರು. "ಒಮ್ಮೆ ಹೀಗಾದರೆ ಇದರ ಗುಣ ಹೋಯಿತು. ಕರಗಿಸಿ ಕೊಟ್ಟು ಉಪಯೋಗವಿಲ್ಲ."

"ಲಸಿಕೆ ಈಗಲೇ ಹಾಕುತ್ತೇನೆ, ಅದೂ ದೊಡ್ಡ ರಕ್ಷಣೆಯೇ. ಆದರೆ ನಿಮ್ಮ ಮಗಳ ರಕ್ತದಲ್ಲಿ ವೈರಸ್ ಜೋರಾಗಿದೆ. ಅದೊಂದನ್ನೇ ನಂಬಿ ಕೂರಲು ನನಗೆ ಧೈರ್ಯವಿಲ್ಲ. ಇನ್ನೊಂದು ಸೀಸೆ ತನ್ನಿ. ಸಂಜೆ ಎಂಟೂ ಇಪ್ಪತ್ತರೊಳಗೆ."

ಯಜಮಾನರು, "ಫ್ರಿಜ್ಜಿನ ಗುಂಡಿ ಯಾರಾರ ತಿರುವಿದ್ರೇನು?" ಎಂದು ಗಾಳಿಗೆ ಕೇಳಿದರು. ಅಳಿಯನ ಮುಖ ಬಿಳಿಚಿಕೊಂಡಿತ್ತು.

"ಇಲ್ಲ ಮಾವಾ, ನನ್ನದ ತಪ್ಪು. ತರೂವಾಗ ಐಸು ಭಾಳ ತುಂಬಿದ್ದೆ. ರೈಲಿನಾಗ ಕೆಟ್ಟಿರಬೇಕು. ನಾ ಒಮ್ಮೆರೆ ಬಿಚ್ಚಿ ನೋಡಬೇಕಿತ್ತು."

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದೆ. ಆ ಹುಡುಗ ನನ್ನ ಪಾಪವನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುವುದನ್ನು ನೋಡುತ್ತ ನಿಂತಿದ್ದೆ.

ಅವರಿಬ್ಬರೂ ಸ್ಕೂಟರು ಹತ್ತಿ ಔಷಧದ ಅಂಗಡಿಗಳಿಗೆ ಹೋದರು. ನಮಗೆ ಸಂಕ್ರಾಂತಿ, ಗುಜರಾತಿನವರಿಗೆ ಅಂದು ಉತ್ತರಾಯಣ. ಇಡೀ ಊರು ಮಾಳಿಗೆಯ ಮೇಲೆ. ಕೆಳಗೆ ರಸ್ತೆಯಲ್ಲಿ ನಾಯಿಯೂ ಇಲ್ಲ, ಮೇಲೆ ಆಕಾಶದಲ್ಲಿ ಜಾಗವಿಲ್ಲ. ಯಾರದಾದರೂ ಪಟ ಕತ್ತರಿಸಿದರೆ "ಲಪೇಟ್! ಲಪೇಟ್!" ಎಂಬ ಕೂಗು, ತುತ್ತೂರಿ, ಧ್ವನಿವರ್ಧಕದ ಹಾಡು. ಹನ್ನೊಂದು ಗಂಟೆಗೆ ಬರಿಗೈಲಿ ಬಂದರು. ತೆರೆದಿದ್ದ ನಾಲ್ಕು ಅಂಗಡಿಯವರೂ ಒಂದೇ ಮಾತು ಹೇಳಿದ್ದರು: ಹೇಳಿ ತರಿಸಬೇಕು, ನಾಡಿದ್ದು ಬನ್ನಿ. ಸೂರತ್ತಿನ ಅಂಗಡಿಯ ಫೋನು ಯಾರೂ ಎತ್ತುತ್ತಿರಲಿಲ್ಲ.

ಆಗ ನನಗೆ ನೆನಪಾದದ್ದು ಮಣಿನಗರದ ವೈನಿ. ಅಹಮದಾಬಾದಿನ ಮಣಿನಗರದಲ್ಲಿ ಅವರ ಮನೆ. ಅವರ ಯಜಮಾನರು ರೈಲ್ವೆಯಲ್ಲಿ, ನಮ್ಮ ಜಿಲ್ಲೆಯವರೇ. ವರ್ಷಕ್ಕೆ ಎರಡು ಸಲ ಭಜನೆಗೆ ಕೂಡುತ್ತಿದ್ದೆವು. ನಂಟಲ್ಲದಿದ್ದರೂ ಆಕೆಯನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ. ಮಡಿಯಲ್ಲಿ ಆಕೆ ನನಗಿಂತ ಒಂದು ಕೈ ಮೇಲು. ಆಸ್ಪತ್ರೆಯ ಬಾಗಿಲಲ್ಲಿದ್ದ ಎಸ್‌ಟಿಡಿ ಬೂತಿಗೆ ಒಬ್ಬಳೇ ಇಳಿದು ಹೋದೆ.

"ಏನ್ರೀ, ಕುಸುರೆಳ್ಳು ಫೋನಿನಾಗ ಹಂಚ್ತೀರೇನು?" ಎಂದು ಆಕೆ ನಕ್ಕರು.

"ವೈನಿ, ಗಂಡು ಕೂಸು ಹುಟ್ಟ್ಯದ. ಒಂದು ಇಂಜೆಕ್ಷನ್ ಬೇಕಾಗ್ಯದ. ಇವತ್ತ ಬೇಕು, ಎಂಟೂ ಇಪ್ಪತ್ತರೊಳಗ."

ಡಾಕ್ಟರ ಚೀಟಿ ನೋಡಿ ಹೆಸರನ್ನು ಒಂದೊಂದೇ ಅಕ್ಷರ ಓದಿ, ಬೂತಿನ ನಂಬರನ್ನೂ ಬರೆಸಿದೆ. ಬರೆದುಕೊಂಡು ಆಕೆ, "ಅಲ್ಲಾ, ಹ್ವಾದ ವಾರ ನೀವ ಹೇಳಿದ್ರಿ, ಅಳಿಯಾ ತಂದಿಟ್ಟಾನ ಅಂತ. ಅದೇನಾತು?" ಅಂದರು.

ಬೂತಿನ ಗಾಜಿನಾಚೆ ಯಾರೂ ಇರಲಿಲ್ಲ.

"ಕೆಡಿಸಿದೆ ವೈನಿ. ನಾನ ಕೆಡಿಸಿದೆ. ರಕ್ತದ್ದಂತ ತಿಳೀತು. ದೇವರ ಹಾಲಿನ ಬಾಜೂಕ ಬ್ಯಾಡ ಅಂತ ಐಸಿನ ಖಾನ್ಯಾಗ ಇಟ್ಟೆ. ಕಲ್ಲಾತು."

"ಮನೀ ಮಂದಿಗೆ ಗೊತ್ತದ ಏನು?"

"ಇಲ್ಲ. ಅಳಿಯಾ ತಂದ ತಪ್ಪು ಅನಕೊಂಡು ಕೂತಾನ."

"ಮದಲ ಹೋಗಿ ಹೇಳ್ರಿ. ಆ ಹುಡುಗ ಆಸ್ಪತ್ರ್ಯಾಗ ಹೆಂಡ್ತಿ ಮಾರಿ ನೋಡಬೇಕೋ, ತನ್ನ ತಪ್ಪು ಹುಡುಕಬೇಕೋ? ಇಡ್ರಿ ಫೋನು. ನಮ್ಮವರನ್ನ ಮಾಳಿಗಿ ಮ್ಯಾಲಿಂದ ಇಳಸ್ತೀನಿ. ಅರವತ್ತರ ಹತ್ರ ಬಂದಾರ, ಗುಜರಾತಿ ಹುಡುಗೂರ ಸಂಗತಿ ಪಟಾ ಹಾರಸ್ಲಿಕ್ಕೆ ಹೋಗ್ಯಾರ."

ಮೇಲೆ ಬಂದೆ. ಅಳಿಯ ಕಿಟಕಿಯ ಹತ್ತಿರ ನಿಂತಿದ್ದ. ಬಾಣಂತಿಯ ಕೋಣೆಯ ಬಾಗಿಲು ತೆರೆದೇ ಇತ್ತು.

"ಐಸಿಂದಲ್ಲಪ್ಪಾ," ಅಂದೆ. "ನಾ ಮಾಡಿದ್ದು. ನಿನ್ನೆ ಐಸಿನ ಖಾನ್ಯಾಗ ಇಟ್ಟಿದ್ದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಮೇಲೆ, "ಮ್ಯಾಲಿನ ಹಲಗಿ ಅಂತ ನಾ ಎಷ್ಟ್ ಸಲ ಹೇಳಿದ್ದೆ, ಅತ್ತೀ?" ಅಂದ.

"ಎರಡು ಸಲ."

"ಮತ್ತ ಯಾಕ?"

"ರಕ್ತದ್ದು ಅಂತ ಗೊತ್ತಾತು. ದೇವರ ಹಾಲು ಇತ್ತಲ್ಲಿ."

"ಹಾಲಿಗೆ ಏನಾಗ್ತಿತ್ತು?" ಧ್ವನಿ ಏರಿಸಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಅವನು ಮೆಟ್ಟಿಲಿಳಿದು ಹೋದ. ಯಜಮಾನರು, "ಮಡಿ, ಮಡಿ ಅಂತ..." ಎಂದು ಶುರುಮಾಡಿ, ಮುಗಿಸದೆ ಕನ್ನಡಕ ತೆಗೆದು ಒರೆಸತೊಡಗಿದರು.

ಒಳಗೆ ಹೋದೆ. ಮಗಳು ಎಲ್ಲ ಕೇಳಿಸಿಕೊಂಡಿದ್ದಳು. ಮಗು ಅವಳ ತೋಳಿನಲ್ಲಿ ಮಲಗಿತ್ತು, ಮುಷ್ಟಿ ಕಟ್ಟಿಕೊಂಡು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅವರು ಮುಂಜಾನಿಂದ ಏನೂ ತಿಂದಿಲ್ಲ. ನೋಡು," ಎಂದಳು. ಆಮೇಲೆ ಮಗುವಿನೊಂದಿಗೆ ಗೋಡೆಯ ಕಡೆ ಹೊರಳಿದಳು.

ಎರಡೂವರೆಗೆ ಬೂತಿನವನು ಮೇಲೆ ಬಂದು ಕರೆದ, ಅಹಮದಾಬಾದಿನ ಫೋನು. ಸಿಕ್ಕಿತ್ತು! ವೈನಿಯ ಯಜಮಾನರು ಔಷಧದ ದೊಡ್ಡ ವ್ಯಾಪಾರಿಯೊಬ್ಬರ ಮನೆ ಹುಡುಕಿಕೊಂಡು ಹೋಗಿ, ಕೆಳಗೆ ನಿಂತು ಕೂಗಿದರೆ ಯಾರಿಗೂ ಕೇಳದೆ, ಕಡೆಗೆ ಮಾಳಿಗೆಯನ್ನೇ ಹತ್ತಿದ್ದರಂತೆ. ಆ ಮನುಷ್ಯ ತಂಪುಕನ್ನಡಕ ಹಾಕಿಕೊಂಡು, ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು, ಇದೊಂದು ಪಟ ಕತ್ತರಿಸಿ ಬರುತ್ತೇನೆ ಎಂದನಂತೆ. ಮಗು ಹುಟ್ಟಿ ಐದು ತಾಸಾಯಿತು ಎಂದ ಕೂಡಲೇ ದಾರವನ್ನು ಪಕ್ಕದವರ ಕೈಗಿತ್ತು, ಆ ಬೆರಳುಪಟ್ಟಿಯಲ್ಲೇ ಅಂಗಡಿಯ ಬೀಗ ತೆಗೆದನಂತೆ.

"ನಾಕರ ಗಾಡಿಗೆ ಇವರ ಬರ್ತಾರ," ಅಂದರು ವೈನಿ. "ಹೆಂಗ ಕಟ್ಟಿ ಕಳಸ್ಲಿ ಹೇಳ್ರಿ. ಈಗ ನೀವ ಶಾಣ್ಯಾ ಆಗೀರಲ್ಲ."

ಚುಚ್ಚಿತು. ಆದರೂ ಹೇಳಿದೆ. "ಐಸಿಗೆ ತಾಗಸಬ್ಯಾಡ್ರಿ. ಸುತ್ತ ಐಸು ಇರ್ಲಿ, ನಡಬರಕ ದಪ್ಪ ಬಟ್ಟಿ ಸುತ್ರಿ."

ರೈಲು ಆರಕ್ಕೆ ಬರಬೇಕು. ಯಜಮಾನರು ಐದೂವರೆಗೇ ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಸ್ಕೂಟರು ತೆಗೆದರು. ಉತ್ತರಾಯಣದ ದಿನ ಗಾಜಿನ ಪುಡಿ ಸವರಿದ ಮಾಂಜಾ ದಾರ ರಸ್ತೆಗೆ ಅಡ್ಡ ಇಳಿಬಿದ್ದಿರುತ್ತದೆ, ಗಾಡಿಯವರ ಗಂಟಲು ಕೊಯ್ಯುತ್ತದೆ. ಕಿಟಕಿಯಿಂದ ಸ್ಟೇಷನ್ನಿನ ಕೂಗು ಕೇಳುತ್ತಿತ್ತು. ಒಂದೊಂದು ರೈಲು ಕೂಗಿದಾಗಲೂ ಅಳಿಯ ಗೇಟಿನ ತನಕ ಹೋಗಿ ಬರುತ್ತಿದ್ದ. ಆರಾಯಿತು. ಆರೂವರೆಯಾಯಿತು. ಬೂತಿಗೆ ಯಜಮಾನರ ಫೋನು: ಆಣಂದದ ಆಚೆ ಎಲ್ಲೋ ಪಟದ ದಾರ ವಿದ್ಯುತ್ ತಂತಿಗೆ ಸಿಕ್ಕಿಕೊಂಡಿದೆ, ಗಾಡಿ ನಿಂತಿದೆ, ಯಾವಾಗ ಬಿಡುತ್ತಾರೋ ಹೇಳುತ್ತಿಲ್ಲ.

ಕತ್ತಲಾಯಿತು. ಮಾಳಿಗೆಗಳಿಂದ ಕಾಗದದ ದೀಪಗಳನ್ನು ದಾರಕ್ಕೆ ಕಟ್ಟಿ ಏರಿಸತೊಡಗಿದರು. ಸಾಲು ಸಾಲು ದೀಪ ಮೇಲೇರಿ ಹೋಗುತ್ತಿತ್ತು. ಬೇರೆ ವರ್ಷವಾದರೆ ಕೈ ಮುಗಿಯುತ್ತಿದ್ದೆ. ಅಂದು ನಾನು ಕೈ ಮುಗಿಯಲಿಲ್ಲ, ಜಪದ ಸರವನ್ನೂ ತೆಗೆಯಲಿಲ್ಲ. ಯಾವ ಮುಖದಿಂದ ಕೇಳಲಿ? ನಿನ್ನ ಹಾಲು ಉಳಿಸಲು ಹೋಗಿ ಈ ಕೂಸಿನದನ್ನು ಚೆಲ್ಲಿದ್ದೇನೆ ಎಂದು ದೇವರಿಗೆ ಗೊತ್ತಿಲ್ಲವೇ? ಏಳು ಗಂಟೆಗೆ ಡಾಕ್ಟರು ಬಂದು ಬಾಗಿಲಲ್ಲಿ ಇಣುಕಿದರು. ಗಡಿಯಾರ ನೋಡಿ, ಇಲ್ಲೇ ಇರುತ್ತೇನೆ ಎಂದು ಹೋದರು. ಅವರ ಮನೆಯಲ್ಲೂ ಹಬ್ಬ. ಹೋಗಿಬಿಡಬಹುದಿತ್ತು.

ಏಳೂ ನಲವತ್ತಕ್ಕೆ ಮೆಟ್ಟಿಲ ಮೇಲೆ ಸದ್ದಾಯಿತು. ಮುಂದೆ ಯಜಮಾನರು, ಹಿಂದೆ ವೈನಿಯ ಯಜಮಾನರು, ಮಣಿನಗರದ ರಾಯರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಸ್ಟೀಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ, ತೀರ್ಥ ತಂದ ಹಾಗೆ ಹಿಡಿದಿದ್ದರು. ನರ್ಸಮ್ಮ ಮುಚ್ಚಳ ತೆಗೆದರು. ಸುತ್ತ ಕರಗುತ್ತಿದ್ದ ಐಸು, ನಡುವೆ ದಪ್ಪನೆಯ ಬಟ್ಟೆಯ ಗಂಟು. ಬಿಳಿ ಬಟ್ಟೆ, ಕೆಂಪು ಅಂಚು.

"ನಮ್ಮಾಕಿ ನನ್ನ ಮಡಿ ದೋತರ ಹರದಾಳ್ರೀ," ಅಂದರು ರಾಯರು. "ದಪ್ಪಂದು ಬೇಕು, ಸ್ವಚ್ಛಂದು ಬೇಕು ಅಂತ. ನಾಳೆ ಪೂಜಿಗೆ ನಾ ಏನು ಉಟಗೊಳ್ಳಲಿ, ಪ್ಯಾಂಟೇನು?"

ಎಲ್ಲರ ಕಣ್ಣೂ ಸೀಸೆಯ ಮೇಲೆ. ಡಾಕ್ಟರು ಬೆಳಕಿಗೆ ಹಿಡಿದು ಓರೆಮಾಡಿದರು. ನೀರು ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹರಿಯಿತು. ಲಸಿಕೆ ಹಾಕದ ಇನ್ನೊಂದು ತೊಡೆಗೆ ಚುಚ್ಚಿದರು. ಮಗು ಆಸ್ಪತ್ರೆ ಎದ್ದು ಕೂರುವಂತೆ ಅತ್ತಿತು. ಎಂಟಕ್ಕೆ ಹತ್ತು ನಿಮಿಷವಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅಳಿಯ ಕಾಗದದ ಲೋಟದಲ್ಲಿ ಚಹಾ ತಂದು ನನ್ನ ಮುಂದೆ ಹಿಡಿದ. "ನೀವೂ ಮುಂಜಾನಿಂದ ಏನೂ ತಗೊಂಡಿಲ್ಲ," ಅಂದ. ಮುಖ ನೋಡಲಿಲ್ಲ. ಹೊರಗಿನ ಚಹಾ ನಾನು ಅಲ್ಲಿಯವರೆಗೆ ಕುಡಿದವಳಲ್ಲ. ಕುಡಿದೆ.

ಮರುದಿನ ಡಾಕ್ಟರು ಹೊರಡುವವರು ನಿಂತು, "ಮಾಸಿ, ನಿಮ್ಮ ರಕ್ತ ಯಾವಾಗಲಾದರೂ ತೋರಿಸಿದ್ದೀರಾ?" ಎಂದು ಕೇಳಿದರು.

"ನನಗೇನಾಗಿದೆ? ನನಗೆ ಕಾಮಣಿಯೇ ಬಂದಿಲ್ಲ."

"ಮಗಳಿಗೂ ಬಂದಿರಲಿಲ್ಲವಲ್ಲ. ಅವಳಿಗೆ ಎಲ್ಲಿಂದ ಬಂತು ಎಂದು ನೋಡಬೇಕು. ಎಷ್ಟೋ ಸಲ ಅದು ತಾಯಿಯಿಂದ ಬಂದಿರುತ್ತದೆ."

ಪುರುಡು ಕಳೆದ ಮೇಲೆ ಯಜಮಾನರೂ ನಾನೂ ರಕ್ತ ಕೊಟ್ಟೆವು. ಯಜಮಾನರಿಗೆ ಇರಲಿಲ್ಲ, ಅವರಿಗೆ ಲಸಿಕೆ ಹಾಕಿದರು. ನನಗೆ ಇತ್ತು. ಎಷ್ಟು ವರ್ಷದಿಂದಲೋ ಇತ್ತು. ಯಾರದೋ ಶುದ್ಧ ರಕ್ತವನ್ನು ದೇವರ ಹಾಲಿನಿಂದ ದೂರ ಇಟ್ಟು ತೊಳೆದುಕೊಂಡ ಕೈ ನನ್ನದು. ಅದರೊಳಗೆ ಹರಿಯುತ್ತಿದ್ದದ್ದು ಈ ರೋಗದ ರಕ್ತ.

ಡಾಕ್ಟರು ಮನೆಯಲ್ಲಿ ಏನೇನು ಹಂಚಿಕೊಳ್ಳುತ್ತೀರಿ ಎಂದು ಕೇಳಿದರು. ತಾಟಿನ ಮಾತು ಅವರು ಎತ್ತಲೇ ಇಲ್ಲ. ಉಗುರು ತೆಗೆಯುವ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಸೂಜಿ, ಪಿನ್ನು ಎಂದು ಕೇಳುತ್ತ ಹೋದರು. ನನ್ನ ತಾಳಿಯಲ್ಲಿ ಯಾವಾಗಲೂ ಎರಡು ಪಿನ್ನು ಇರುತ್ತಿದ್ದವು. ಮಗಳ ಕಾಲಿಗೆ ಮುಳ್ಳು ಚುಚ್ಚಿದರೆ, ಯಜಮಾನರ ಬೆರಳಿಗೆ ಸಿಬಿರು ಹೊಕ್ಕರೆ, ನನ್ನದೇ ಹಿಮ್ಮಡಿ ಒಡೆದರೆ, ಅದೇ ಪಿನ್ನು. ಎಂಜಲೆಂದು ತಾಟು ಬೇರೆ ಇಟ್ಟ ಮನೆಯಲ್ಲಿ ಪಿನ್ನು ಒಂದೇ ಇತ್ತು. ಮನೆಗೆ ಬಂದು ಅವೆರಡನ್ನೂ ತೆಗೆದುಹಾಕಿದೆ. ಮಗಳ ಬೇರೆ ತಾಟನ್ನು ನಮ್ಮ ತಾಟುಗಳೊಳಗೆ ಸೇರಿಸಿದೆ. ಅವಳು ನೋಡಿದಳು.

ನನಗೂ ಮಗಳಿಗೂ ಆಗ ಗುಳಿಗೆ ಬೇಕಾಗಲಿಲ್ಲ. ಆರು ತಿಂಗಳಿಗೊಮ್ಮೆ ರಕ್ತ ತೋರಿಸಿ, ಲಿವರು ನೋಡಿಸಿಕೊಳ್ಳಿ, ಬೇಕಾದಾಗ ಕೊಡೋಣ, ಈಗ ಔಷಧಗಳು ಬರುತ್ತಿವೆ ಎಂದರು ಡಾಕ್ಟರು. ಎದೆಹಾಲು ಕುಡಿಸಬಹುದು ಎಂದದ್ದು ಅವಳಿಗೆ ದೊಡ್ಡ ಸಮಾಧಾನ. ಮಗುವಿಗೆ ಒಂದನೆಯ ತಿಂಗಳಿಗೆ, ಆರನೆಯ ತಿಂಗಳಿಗೆ ಲಸಿಕೆ ಬಿತ್ತು. ಆದರೆ ಎರಡು ಸೂಜಿಯೂ ಕೆಲಸ ಮಾಡಿದವೇ ಎಂಬುದು ವರ್ಷ ತುಂಬುವ ಹೊತ್ತಿಗೆ ರಕ್ತ ನೋಡಿದರೇ ಗೊತ್ತಾಗುವುದು. ಆ ವರ್ಷವಿಡೀ ಮಗು ನಕ್ಕರೂ, ಬೋರಲು ಬಿದ್ದರೂ, ಹಲ್ಲು ಬಂದರೂ ನಾನು ಮೊದಲು ನೋಡುತ್ತಿದ್ದದ್ದು ಅದರ ಕಣ್ಣಿನ ಬಿಳುಪು. ಕಣ್ಣಿನಲ್ಲಿ ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದೂ ನೋಡುತ್ತಿದ್ದೆ.

ಮತ್ತೆ ಸಂಕ್ರಾಂತಿ ಬಂತು. ಮಗುವಿನ ಮೊದಲ ಹುಟ್ಟುಹಬ್ಬ ನಮ್ಮಲ್ಲೇ ಎಂದು ಮಾತಾಗಿತ್ತು. ಸೂರತ್ತಿನಲ್ಲಿ ರಕ್ತ ಕೊಟ್ಟಿದ್ದರು. ವರದಿ ಬಂತೇ ಎಂದು ಹಿಂದಿನ ದಿನ ಫೋನಿನಲ್ಲಿ ಕೇಳಿದರೆ ಮಗಳು, "ನಾಳೆ ಬರೂವಾಗ ಇಸಗೊಂಡು ಬರ್ತೀವಿ" ಎಂದು ಇಟ್ಟುಬಿಟ್ಟಳು. ಗೊತ್ತಿದ್ದೂ ಹೇಳುತ್ತಿಲ್ಲವೇನೋ ಎಂದು ನನಗೆ ರೊಟ್ಟಿ ತಟ್ಟಲು ಕೈ ಬರಲಿಲ್ಲ.

ಬಂದರು. ಅಳಿಯ ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಕಾಗದ ತೆಗೆದು ಯಜಮಾನರಿಗಲ್ಲ, ನನಗೆ ಕೊಟ್ಟ. ಲಕೋಟೆ ಒಡೆದಿರಲಿಲ್ಲ.

"ಸ್ಟೇಷನ್ನಿಗೆ ಹೋಗೂವಾಗ ಇಸಗೊಂಡ್ವಿ. ಇಕಿ ಗಾಡ್ಯಾಗ ಒಡೀಲಿಕ್ಕೆ ಬಿಡಲಿಲ್ಲ, ಅತ್ತೀ. ಮನೀಗೆ ಹೋಗಿ ಒಡೆಯೋಣ ಅಂದ್ಲು."

ನಾನು ಅದನ್ನು ಮಗಳ ಕೈಗೆ ಕೊಟ್ಟೆ, ಅವಳೇ ಒಡೆದಳು. ಓದಿದಳು. ಮತ್ತೊಮ್ಮೆ ಮೇಲಿನಿಂದ ಓದಿದಳು.

"ಇಲ್ಲವ್ವಾ," ಅಂದಳು. "ಅವಗ ಇಲ್ಲ. ರಕ್ಷಣಿನೂ ಛಂದ ಬಂದದಂತ."

ಆಮೇಲೆ ದೇವರ ಮುಂದೆ ಕುಸುರೆಳ್ಳಿನ ಬಟ್ಟಲುಗಳನ್ನು ಜೋಡಿಸುವಾಗ ಒಂದು ಬಟ್ಟಲು ಹೆಚ್ಚಿಗೆ ಇಟ್ಟೆ.

"ಇದು ಯಾರಿಗೆ?" ಎಂದರು ಯಜಮಾನರು.

"ರಕ್ತ ಕೊಟ್ಟವರಿಗೆ."

"ಗೋತ್ರ ಯಾವುದು ಅವರದು?" ಎಂದು ಕೆಣಕಿದರು.

"ಕೇಳ್ಲಿಕ್ಕೆ ಹೋಗಿಲ್ಲ."

ಮಡಿನೀರು ತರಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಮೊಮ್ಮಗ ಅಂಬೆಗಾಲಿಟ್ಟು ಬಂದು ಆ ಹೆಚ್ಚಿನ ಬಟ್ಟಲಿಗೇ ಕೈ ಹಾಕಿದ್ದ. ಬಾಯಿ ತುಂಬ ಸಕ್ಕರೆ, ಗಲ್ಲಕ್ಕೆ ಎಳ್ಳು ಅಂಟಿತ್ತು. ಎಂಜಲಿನ ಕೈಯನ್ನು ಮತ್ತೆ ಬಟ್ಟಲಿಗಿಟ್ಟು ನನ್ನ ಕಡೆ ನೋಡಿ ನಕ್ಕ. ಮಗಳು ಓಡಿಬಂದು ಬೆರಳು ಹಾಕಿ ಬಾಯಲ್ಲಿದ್ದದ್ದನ್ನು ತೆಗೆದು, "ಅವ್ವಾ, ನೈವೇದ್ಯದ್ದಲ್ಲ? ಬ್ಯಾರೆ ತುಂಬ್ಲೇನು?" ಎಂದಳು.

ಬೇರೆ ತುಂಬಲಿಲ್ಲ. ಅದನ್ನೇ ದೇವರ ಮುಂದೆ ಇಟ್ಟು, ನೀರು ಬಿಟ್ಟು, ಕೈ ಮುಗಿದೆ.